ಬೆರಳು ತೋರಿದ ದಾರಿ

ಗುಜರಾತಿನ ಹಳೆಯ ಮಾರ್ಗಗಳಲ್ಲಿ ಸಂಚರಿಸಿದವರು ಒಂದು ಸಂಗತಿಯನ್ನು ಗಮನಿಸದೆ ಇರಲಾರರು. ಊರು ಇನ್ನೂ ಕೂಗಳತೆಯ ದೂರದಲ್ಲಿರುವಾಗಲೇ, ಬೇವಿನ ಮರದ ನೆರಳಿನಲ್ಲಿ ಮಣ್ಣಿನ ಗಡಿಗೆಗಳನ್ನು ಸಾಲಾಗಿ ಇರಿಸಿ, ಜಾತಿ ಕುಲಗಳನ್ನು ವಿಚಾರಿಸದೆ ಬಂದವರ ಬಾಯಾರಿಕೆಯನ್ನು ಕಳೆಯುವ ‘ಪರಬ್’ ಒಂದು ಎದುರಾಗುತ್ತದೆ. ನಮ್ಮ ಬೇಸಗೆಯ ಅರವಟ್ಟಿಗೆಗಳ ನೆನಪನ್ನು ಅದು ಕೂಡಲೆ ತರುತ್ತದೆ. ಊರೊಳಗೆ ಹೋದರೆ ಚೌಕದ ನಡುವೆ ಕೆತ್ತನೆಯ ಕಂಬದ ಮೇಲೆ ಹಕ್ಕಿಗಳಿಗೆ ಕಾಳು ಚೆಲ್ಲುವ ಚಬೂತರವಿರುತ್ತದೆ. ಊರಿನ ಅಂಚಿನಲ್ಲಿ ಮುದಿಯಾದ, ಕುಂಟಾದ ದನಗಳನ್ನು ಸಾಕುವ ಪಾಂಜರಾಪೋಳವಿರುತ್ತದೆ. ಯಾತ್ರಿಕರಿಗೆಂದು ಯಾವನೋ ವರ್ತಕನು ತನ್ನ ತಾಯಿಯ ಹೆಸರಿನಲ್ಲಿ ಕಟ್ಟಿಸಿದ ಧರ್ಮಶಾಲೆಯಿರುತ್ತದೆ. ಹದಿನೇಳನೆಯ ಶತಮಾನದಲ್ಲಿ ಸೂರತ್ತಿನ ಬಂದರಿಗೆ ಬಂದಿಳಿದ ಯುರೋಪಿನ ಪ್ರವಾಸಿಗರು ಅಲ್ಲಿಯ ಸಂಪತ್ತನ್ನು ಕಂಡು ಎಷ್ಟು ಬೆರಗಾದರೋ, ಪ್ರಾಣಿಗಳಿಗೂ ಒಂದು ಆಸ್ಪತ್ರೆಯುಂಟೆಂಬುದನ್ನು ಕಂಡು ಅಷ್ಟೇ ಬೆರಗಾಗಿ ತಮ್ಮ ಗ್ರಂಥಗಳಲ್ಲಿ ಬರೆದಿಟ್ಟಿದ್ದಾರೆ. ವ್ಯಾಪಾರವೂ ದಾನವೂ ಒಂದೇ ಲೆಕ್ಕದ ಪುಸ್ತಕದಲ್ಲಿ ಎಡಬಲ ಪುಟಗಳಾಗಿ ಸಾಗಿಬಂದ ನಾಡು ಇದು.

ಅಂತಹ ನಾಡಿನಲ್ಲಿ ಮೋಟಾರುಗಾಡಿಗಳ ರ್‍ಯಾಲಿಯೊಂದು ದಾನಕ್ಕಾಗಿ ನಡೆಯುವುದು ಆಶ್ಚರ್ಯವಲ್ಲ. ದೂರದ ದಾರಿಯನ್ನು ಕ್ರಮಿಸುವ ಸಾಹಸಕ್ಕೂ ಪರೋಪಕಾರಕ್ಕೂ ಗಂಟುಹಾಕುವ ಪದ್ಧತಿ ಈಚಿನದು. 1907ರಲ್ಲಿ ಪೀಕಿಂಗಿನಿಂದ ಪ್ಯಾರಿಸಿನವರೆಗೆ ಐದು ಗಾಡಿಗಳು ಹೊರಟು, ಇಟಲಿಯ ರಾಜಕುಮಾರ ಬೋರ್ಗೇಸೆಯು ಎರಡು ತಿಂಗಳಲ್ಲಿ ಗುರಿಯನ್ನು ಮುಟ್ಟಿದಾಗ, ಯಂತ್ರವು ಇಷ್ಟು ದೂರ ಹೋಗಬಲ್ಲುದೆಂದು ತೋರಿಸುವುದಕ್ಕಿಂತ ಹೆಚ್ಚಿನ ಉದ್ದೇಶವೇನೂ ಅದಕ್ಕೆ ಇರಲಿಲ್ಲ. ಶತಮಾನವೊಂದು ಕಳೆಯುವ ಹೊತ್ತಿಗೆ ಇಂಗ್ಲೆಂಡಿನ ತರುಣರು ಹಳೆಯ ಸಣ್ಣ ಕಾರುಗಳಲ್ಲಿ ಮಂಗೋಲಿಯದವರೆಗೆ ಹೋಗುವ ಪರಿಪಾಠವನ್ನು 2004ರಲ್ಲಿ ಆರಂಭಿಸಿದರು. ಎರಡು ವರ್ಷಗಳ ತರುವಾಯ ನಮ್ಮ ದೇಶದಲ್ಲಿಯೇ ಆಟೋರಿಕ್ಷಾಗಳಲ್ಲಿ ಸಾವಿರಾರು ಕಿಲೋಮೀಟರು ಓಡುವ ಅಂತಹುದೇ ಓಟವೊಂದು ಮೊದಲಾಯಿತು. ಭಾಗವಹಿಸುವ ಪ್ರತಿಯೊಂದು ತಂಡವೂ ಪರಿಚಿತರಿಂದ ಇಂತಿಷ್ಟು ಹಣವನ್ನು ಸಂಗ್ರಹಿಸಿ ಸತ್ಕಾರ್ಯಕ್ಕೆ ಒಪ್ಪಿಸಬೇಕೆಂಬುದು ಅವುಗಳ ನಿಯಮ. ಇವುಗಳನ್ನು ನಾನು ಲಘುವಾಗಿ ಕಾಣುವವನಲ್ಲ. ಆದರೆ ಆ ಓಟಗಳಲ್ಲಿ ಗಾಡಿಯೊಳಗೆ ಕುಳಿತವನು ಕೊಡುವವನು. ಪಡೆಯುವವನು ಎಲ್ಲಿಯೋ ದೂರದಲ್ಲಿ, ಕಣ್ಣಿಗೆ ಬೀಳದೆ, ಹೆಸರಿಲ್ಲದೆ ಇರುತ್ತಾನೆ. ದಾರಿಯೆಲ್ಲವೂ ಕೊಡುವವನದೇ.

ನಾವು ಸ್ನೇಹಿತರು ಕೂಡಿಕೊಂಡು ಹೋದ ರ್‍ಯಾಲಿಯು ಈ ವಿಷಯದಲ್ಲಿ ಬೇರೆ ಜಾತಿಯದು. ಅಹಮದಾಬಾದು, ಮುಂಬಯಿ, ಬೆಂಗಳೂರು ಮುಂತಾದ ನಗರಗಳಲ್ಲಿ ವರ್ಷಕ್ಕೊಮ್ಮೆ ಅಂಧರು ದಾರಿತೋರುವ ಕಾರ್ ರ್‍ಯಾಲಿಗಳು ನಡೆಯುವುದನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಅಲ್ಲಿ ಗಾಡಿಯನ್ನು ನಡೆಸುವವನು ಕಣ್ಣುಳ್ಳವನು. ಅವನ ಪಕ್ಕದಲ್ಲಿ ಕುಳಿತು ಮಾರ್ಗವನ್ನು ಹೇಳುವವರು ದೃಷ್ಟಿಹೀನರು. ಮಾರ್ಗಪತ್ರಿಕೆಯು ಬ್ರೈಲ್ ಲಿಪಿಯಲ್ಲಿ ಮಾತ್ರವೇ ಇರುವುದರಿಂದ ಕಣ್ಣುಳ್ಳವನಿಗೆ ಅದು ದಪ್ಪ ಕಾಗದದ ಮೇಲಿನ ಉಬ್ಬು ಚುಕ್ಕೆಗಳ ಹರಹಲ್ಲದೆ ಬೇರೇನೂ ಅಲ್ಲ. ಸಾಮಾನ್ಯವಾಗಿ ಇದು ಒಂದು ನಗರದೊಳಗೆ ಒಂದು ಬೆಳಗಿನಲ್ಲಿ ಮುಗಿಯುವ ಓಟ. ಕೆಲವು ಸೇವಾಸಕ್ತರು ಇದನ್ನು ಅಹಮದಾಬಾದಿನಿಂದ ವಡೋದರೆಗೆ, ವಡೋದರೆಯಿಂದ ಸೂರತ್ತಿಗೆ ವಿಸ್ತರಿಸಿ, ಅಂಧ ವಿದ್ಯಾರ್ಥಿಗಳ ಪಠ್ಯಪುಸ್ತಕಗಳಿಗಾಗಿ ಹಣ ಕೂಡಿಸಲು ನಿಶ್ಚಯಿಸಿದಾಗ, ಬಹುಕಾಲದಿಂದ ಅಹಮದಾಬಾದಿನಲ್ಲಿಯೇ ನೆಲೆಸಿರುವ ಧಾರವಾಡದ ಮಿತ್ರರೊಬ್ಬರು ನಮಗೆ ಕಾಗದ ಬರೆದರು. ಗಾಡಿ ಅವರದು, ಸಾರಥ್ಯವೂ ಅವರದೇ. ಮಲೆನಾಡಿನ ವೈದ್ಯಮಿತ್ರರೂ ನಾನೂ ಹಿಂದಿನ ಆಸನದ ಯಾತ್ರಿಕರು. ಮುಂದಿನ ಆಸನದಲ್ಲಿ ನಮ್ಮ ಮಾರ್ಗದರ್ಶಿ: ಶಿಕ್ಷಕಿಯಾಗಲು ವ್ಯಾಸಂಗ ಮಾಡುತ್ತಿದ್ದ, ಖೇಡಾ ಜಿಲ್ಲೆಯ ಹಳ್ಳಿಯೊಂದರಿಂದ ಬಂದ ತರುಣಿ. ಮೊದಲ ಭೇಟಿಯಲ್ಲಿಯೇ ಆಕೆ ಧಾರವಾಡದ ಮಿತ್ರರನ್ನು ‘ಕಾಕಾ’ ಎಂದು ಕರೆದಳು. ಗುಜರಾತಿಗೂ ನಮ್ಮ ಉತ್ತರ ಕರ್ನಾಟಕಕ್ಕೂ ಸಮಾನವಾದ ಆ ಸಂಬೋಧನೆಯನ್ನು ಕೇಳಿ ಅವರು, “ಹಂಗಾದ್ರ ಇನ್ನ ನೀ ಹೇಳಿದ್ದ ದಾರಿ, ನನ್ನವ್ವಾ” ಎಂದು ಕನ್ನಡದಲ್ಲಿಯೇ ಉತ್ತರವಿತ್ತು, ಅದರ ಅರ್ಥವನ್ನು ಗುಜರಾತಿಯಲ್ಲಿ ತಿಳಿಸಿದರು.

ಹೊರಡುವುದಕ್ಕೆ ಮುನ್ನಾದಿನ ನಾವು ವಸ್ತ್ರಾಪುರದಲ್ಲಿರುವ ಅಂಧಜನ ಮಂಡಳಕ್ಕೆ ಹೋಗಿಬಂದೆವು. ಬಾಲ್ಯದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಜಗದೀಶ ಪಟೇಲರು ಕೆಲವು ಮಂದಿ ಸಮಾನದುಃಖಿಗಳೊಡನೆ ಕೂಡಿ 1950ರ ದಶಕದಲ್ಲಿ ಬೆಳೆಸಿದ ಈ ಸಂಸ್ಥೆಯು ಇಂದು ದೇಶದ ಇಂತಹ ಸಂಸ್ಥೆಗಳಲ್ಲಿ ಅಗ್ರಗಣ್ಯವಾದುದು. 1991ರಲ್ಲಿ ಸರ್ಕಾರವು ಅವರಿಗೆ ಪದ್ಮಶ್ರೀಯನ್ನಿತ್ತು ಗೌರವಿಸಿತು. ಕಣ್ಣಿಲ್ಲದವರಿಗಾಗಿ ಕಣ್ಣುಳ್ಳವರು ಕಟ್ಟಿದ ಆಶ್ರಯವಲ್ಲ ಅದು; ಕಣ್ಣಿಲ್ಲದವರು ತಮಗಾಗಿ ತಾವೇ ಕಟ್ಟಿಕೊಂಡ ಮನೆ. ಅದರ ಆವರಣದಲ್ಲಿ ಸಂಪೂರ್ಣವಾಗಿ ಕತ್ತಲುಗವಿಸಿದ ಒಂದು ಪ್ರದರ್ಶನಾಲಯವಿದೆ. ಒಳಗೆ ಕಾಲಿಟ್ಟ ಸಂದರ್ಶಕನ ಕೈಹಿಡಿದು ನಡೆಸುವವರು ಅಂಧರೇ. ಕೈಯಳತೆಯ ಗೋಡೆಯೂ ಕಾಣದ ಆ ಕತ್ತಲೆಯಲ್ಲಿ, ಹೊರಗೆ ನೂರಾರು ರೋಗಿಗಳಿಗೆ ಧೈರ್ಯ ಹೇಳುವ ನಮ್ಮ ವೈದ್ಯಮಿತ್ರರು ಮಾತಿಲ್ಲದೆ ಮಾರ್ಗದರ್ಶಕನ ಹೆಗಲನ್ನು ಹಿಡಿದುಕೊಂಡು ಹೆಜ್ಜೆಯಿಡುತ್ತಿದ್ದುದು ನನಗೆ ಉಸಿರಿನ ಸದ್ದಿನಿಂದಲೇ ಗೊತ್ತಾಗುತ್ತಿತ್ತು. ಹೊರಬಂದ ಮೇಲೆ ಅವರು ಆಡಿದ್ದು ಒಂದೇ ಮಾತು: ನಾಳೆ ಗಾಡಿಯಲ್ಲಿ ಆ ಹುಡುಗಿ ದಾರಿ ಹೇಳುವಾಗ ನಾವಿಬ್ಬರೂ ಬಾಯಿ ತೆರೆಯತಕ್ಕದ್ದಲ್ಲ.

ಉತ್ತರಾಯಣ ಕಳೆದ ಕೆಲವು ದಿನಗಳ ಮೇಲೆ ನಾವು ಹೊರಟೆವು. ಜನವರಿ 14ರಂದು ಆಕಾಶವನ್ನೆಲ್ಲ ಆವರಿಸಿದ್ದ ಗಾಳಿಪಟಗಳ ಹರಕುಗಳು ಮರಗಳಲ್ಲಿಯೂ ತಂತಿಗಳಲ್ಲಿಯೂ ಇನ್ನೂ ನೇತಾಡುತ್ತಿದ್ದುವು. ಗಾಜಿನ ಪುಡಿ ಸವರಿದ ದಾರಕ್ಕೆ ಸಿಕ್ಕಿ ರೆಕ್ಕೆ ಹರಿದುಕೊಂಡ ಹಕ್ಕಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಚಿಕಿತ್ಸೆಗೆ ಒಯ್ಯುವ ಸ್ವಯಂಸೇವಕರು ಎಲ್ಲಿಸ್ ಸೇತುವೆಯ ಬಳಿ ಕಂಡರು. ಈ ಓಟದ ನಿಯಮವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಇದು ವೇಗದ ಸ್ಪರ್ಧೆಯಲ್ಲ. ಮಾರ್ಗದ ಒಂದೊಂದು ಭಾಗಕ್ಕೂ ಇಷ್ಟೇ ಸರಾಸರಿ ವೇಗವೆಂದು ನಿಗದಿಮಾಡಿರುತ್ತಾರೆ. ಅದು ಕಾನೂನಿನ ಮಿತಿಯೊಳಗೇ ಇರುತ್ತದೆ. ದಾರಿಯಲ್ಲಿ ಎಲ್ಲಿಯೋ, ಮುಂಚಿತವಾಗಿ ತಿಳಿಯದ ಸ್ಥಳಗಳಲ್ಲಿ, ಮಾರ್ಷಲರು ಗಡಿಯಾರ ಹಿಡಿದು ಕುಳಿತಿರುತ್ತಾರೆ. ನಿಗದಿಯಾದ ಹೊತ್ತಿಗಿಂತ ತಡವಾಗಿ ಬಂದರೆ ದಂಡದ ಅಂಕ; ಬೇಗ ಬಂದರೆ ಅದಕ್ಕಿಂತಲೂ ಹೆಚ್ಚು ದಂಡ. ಆತುರವನ್ನು ಆಲಸ್ಯಕ್ಕಿಂತ ದೊಡ್ಡ ದೋಷವೆಂದು ಎಣಿಸುವ ಈ ಶಾಸನವು ಮೋಟಾರುಗಾಡಿಯ ಯುಗಕ್ಕೆ ತಕ್ಕ ಔಷಧವೆಂದೇ ನನಗೆ ತೋರಿತು.

ನಮ್ಮ ಮಾರ್ಗದರ್ಶಿಯ ತೊಡೆಯ ಮೇಲೆ ಮಾರ್ಗಪತ್ರಿಕೆಯ ಹಾಳೆಗಳು. ಎಡಗೈಯ ಬೆರಳು ಸಾಲಿನ ಆರಂಭದಲ್ಲಿ ನಿಂತಿರುವಂತೆ ಬಲಗೈಯ ಬೆರಳು ಚುಕ್ಕೆಗಳ ಮೇಲೆ ಹರಿಯುತ್ತಿತ್ತು. ದೂರವನ್ನು ತೋರಿಸುವ ಮಾಪಕವು ಆಕೆಗೆ ಕಾಣದು. ಮಾರ್ಗವು ಸಾರಥಿಗೆ ಕಾಣದು. ಆದುದರಿಂದ ಇಬ್ಬರ ನಡುವೆ ಮಾತೊಂದೇ ಸೇತುವೆ.

“ಕಾಕಾ, ಎಷ್ಟಾಯಿತು?”

“ಒಂದು ಕಿಲೋಮೀಟರು, ನಾಲ್ಕುನೂರು.”

“ಆರುನೂರಕ್ಕೆ ದಾರಿ ಕವಲೊಡೆಯುತ್ತದೆ. ಬಲಗಡೆಯದನ್ನು ಹಿಡಿಯಿರಿ. ಎಡಕ್ಕೆ ಒಂದು ಶಾಲೆ ಇರಬೇಕು, ಇದೆಯೇ?”

ಶಾಲೆ ಇತ್ತು. ನಾರೋಲಿನ ಕಾರ್ಖಾನೆಗಳ ಹೊಗೆಯನ್ನು ದಾಟಿ ಅಸ್ಲಾಲಿಯ ಕಡೆಗೆ ತಿರುಗುವ ವೇಳೆಗೆ ಆ ಇಬ್ಬರ ಮಾತು ಒಂದು ಲಯಕ್ಕೆ ಬಂದುಬಿಟ್ಟಿತ್ತು. ಅಂಧರಿಗೆ ಶ್ರವಣವೂ ಸ್ಪರ್ಶವೂ ದೈವದತ್ತವಾಗಿ ತೀಕ್ಷ್ಣವಾಗಿರುತ್ತವೆಂಬ ಜನಪ್ರಿಯವಾದ ನಂಬಿಕೆಯನ್ನು ವೈದ್ಯಮಿತ್ರರು ವಿಶ್ರಾಂತಿಯ ಸಮಯದಲ್ಲಿ ಪ್ರಸ್ತಾಪಿಸಿದಾಗ ಆಕೆ ಅದನ್ನು ಒಪ್ಪಲಿಲ್ಲ. ಬೆರಳು ಹುಟ್ಟಿನಿಂದ ಓದುವುದಿಲ್ಲ. ಏಳು ವರ್ಷದ ಮಗುವಾಗಿದ್ದಾಗ ಒಂದೊಂದಕ್ಷರಕ್ಕೆ ಅತ್ತುಕೊಂಡು ಕಲಿತದ್ದು, ಇದರಲ್ಲಿ ದೇವರ ಪಾಲಿಗಿಂತ ಮೇಷ್ಟರ ಪಾಲು ಹೆಚ್ಚು ಎಂದಳು. ಮೇಷ್ಟರನ್ನು ಕುರಿತ ಆ ಮಾತಿನಲ್ಲಿ ಅಭಿಮಾನವಿತ್ತು, ತಾನೂ ಅದೇ ವೃತ್ತಿಯನ್ನು ಹಿಡಿಯಲಿರುವಳೆಂಬ ಹೆಮ್ಮೆಯೂ ಇತ್ತು.

ವಡೋದರೆಗೆ ಹೋಗಲು ಈಗ 93 ಕಿಲೋಮೀಟರುಗಳ ಎಕ್ಸ್‌ಪ್ರೆಸ್ ಮಾರ್ಗವಿದೆ. ಅದಕ್ಕೆ ಮಹಾತ್ಮಾ ಗಾಂಧಿಯವರ ಹೆಸರನ್ನೇ ಇಟ್ಟಿದ್ದಾರೆ. ನಮ್ಮ ಮಾರ್ಗಪತ್ರಿಕೆಯು ಅದನ್ನು ಬಿಟ್ಟು ಗಾಂಧೀಜಿಯವರು ಕಾಲ್ನಡಿಗೆಯಲ್ಲಿ ಹೋದ ಊರುಗಳ ದಾರಿಯನ್ನು ಹಿಡಿಸಿತು: ಅಸ್ಲಾಲಿ, ಬಾರೇಜಾ, ನವಾಗಾಮ, ಮಾತರ್, ನಡಿಯಾದ್, ಆಣಂದ್. 1930ರ ಮಾರ್ಚ್ 12ರ ಬೆಳಗ್ಗೆ ಸಾಬರಮತಿಯ ಆಶ್ರಮದಿಂದ ಹೊರಟು, ಏಪ್ರಿಲ್ 6ರಂದು ದಾಂಡಿಯ ಕಡಲತೀರದಲ್ಲಿ ಉಪ್ಪನ್ನು ಕೈಗೆತ್ತಿಕೊಳ್ಳುವವರೆಗೆ ಅವರು ಕ್ರಮಿಸಿದ ದೂರ ಸುಮಾರು 385 ಕಿಲೋಮೀಟರು. ಅವರ ಹಿಂದೆ ಹೊರಟ 78 ಮಂದಿಯಲ್ಲಿ ಕನ್ನಡನಾಡಿನವನು ಒಬ್ಬನೇ ಒಬ್ಬ: ಈಗಿನ ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವ. ಆಗ ಆತನಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ನಾವು ಕೆಲವು ಗಂಟೆಗಳಲ್ಲಿ ದಾಟಿದ ಈ ಬಯಲನ್ನು, ತಂಬಾಕು ಮತ್ತು ಹತ್ತಿಯ ಹೊಲಗಳ ನಡುವಿನ ಈ ಧೂಳನ್ನು, ಆ ಹುಡುಗನು ಹೆಗಲಿಗೆ ಚೀಲವನ್ನು ಹಾಕಿಕೊಂಡು ದಿನಕ್ಕೆ ಹತ್ತು ಹನ್ನೆರಡು ಮೈಲಿಗಳಂತೆ ನಡೆದು ದಾಟಿದನು. ಭಾಷೆ ತಿಳಿಯದ ಊರುಗಳಲ್ಲಿ ತಂಗಿದನು. ಹದಿಮೂರು ವರ್ಷಗಳ ತರುವಾಯ, 1943ರ ಏಪ್ರಿಲ್ 1ರಂದು, ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರೊಡನೆ ಬಲಿಯಾದನು. ಇಂದು ಹಾವೇರಿಯ ರೈಲ್ವೆ ನಿಲ್ದಾಣಕ್ಕೆ ಆತನ ಹೆಸರಿದೆ. ನಿಲ್ದಾಣದಲ್ಲಿ ಇಳಿಯುವ ನಮ್ಮವರಲ್ಲಿ ಎಷ್ಟು ಮಂದಿ ಆ ಹೆಸರಿನ ಹಿಂದೆ ಸಾಬರಮತಿಯಿಂದ ಹೊರಟ ಈ ದಾರಿಯನ್ನು ಕಾಣುತ್ತಾರೆಂಬ ವಿಚಾರ ಮಾತ್ರ ನನ್ನನ್ನು ನೋಯಿಸಿತು.

ನಡಿಯಾದಿನಲ್ಲಿ ಬಿಡುವಿತ್ತು. ನಾನು ಬರುವಾಗ ಬೆಂಗಳೂರಿನ ಅಂಧ ಗೆಳೆಯರೊಬ್ಬರಿಂದ ಒಂದು ಹಾಳೆಯ ಮೇಲೆ ಕೆಲವು ಕನ್ನಡ ಹೆಸರುಗಳನ್ನು ಬ್ರೈಲಿನಲ್ಲಿ ಒತ್ತಿಸಿಕೊಂಡು ಬಂದಿದ್ದೆನು. ಲೂಯಿ ಬ್ರೈಲನು 1824ರ ಸುಮಾರಿಗೆ ರೂಪಿಸಿದ ಆರು ಚುಕ್ಕೆಗಳ ಈ ಲಿಪಿಯನ್ನು ನಮ್ಮ ದೇಶದ ಭಾಷೆಗಳಿಗೆ ಒಂದೊಂದು ಪ್ರಾಂತದವರು ಒಂದೊಂದು ರೀತಿಯಲ್ಲಿ ಅಳವಡಿಸಿಕೊಂಡಿದ್ದರು. 1951ರಲ್ಲಿ ಅವೆಲ್ಲವನ್ನೂ ಏಕಗೊಳಿಸಿ ಭಾರತೀ ಬ್ರೈಲ್ ಎಂಬ ವ್ಯವಸ್ಥೆಯನ್ನು ಸ್ವೀಕರಿಸಲಾಯಿತು. ಅದರ ಪ್ರಕಾರ ಗುಜರಾತಿಯ ಕಕಾರಕ್ಕೂ ಕನ್ನಡದ ಕಕಾರಕ್ಕೂ ಚುಕ್ಕೆಗಳ ಗುಂಪು ಒಂದೇ. ಕಣ್ಣಿಗೆ ನಮ್ಮ ದುಂಡನೆಯ ಅಕ್ಷರವೂ ಅವರ ತಲೆಕಟ್ಟಿಲ್ಲದ ನಾಗರಿಯೂ ಎಷ್ಟೇ ಬೇರೆಯಾಗಿ ಕಂಡರೂ ಬೆರಳಿಗೆ ಆ ಭೇದವಿಲ್ಲ. ನಾನು ಹಾಳೆಯನ್ನು ಆಕೆಯ ಕೈಗಿತ್ತೆನು. ಮೊದಲ ಹೆಸರನ್ನು ಆಕೆ ತಡೆಯಿಲ್ಲದೆ ಓದಿದಳು: “ಧಾರವಾಡ.” ಎರಡನೆಯದು: “ಗದಗ.” ಮೂರನೆಯದರಲ್ಲಿ ‘ಮೋ’ ಎಂದು ಆರಂಭಿಸಿ ಬೆರಳು ನಿಂತಿತು. ನಮ್ಮ ಹ್ರಸ್ವ ಎಕಾರವು ಗುಜರಾತಿಯಲ್ಲಿ ಇಲ್ಲವಷ್ಟೆ. ಆ ಚುಕ್ಕೆಗಳು ಆಕೆಗೆ ಅಪರಿಚಿತವಾದುವು. ಧಾರವಾಡದ ಮಿತ್ರರು ಉಚ್ಚಾರವನ್ನು ಹೇಳಿಕೊಟ್ಟರು. ಆಕೆ ಎರಡು ಸಾರಿ ಒತ್ತಿ ನೋಡಿ, “ಮೋಟೆಬೆನ್ನೂರು” ಎಂದು ಇಡಿಯಾಗಿ ಓದಿದಳು. ನಾನು ಗುಜರಾತಿ ಲಿಪಿಯಲ್ಲಿ ಬರೆದ ಅಂಗಡಿಯ ಹಲಗೆಯೊಂದನ್ನು ಓದಲು ಬೆಳಗಿನಿಂದ ಪ್ರಯಾಸಪಡುತ್ತಿದ್ದಾಗ, ಕನ್ನಡವನ್ನು ಎಂದೂ ಕಲಿತಿರದ ಆಕೆ ಕನ್ನಡನಾಡಿನ ಹಳ್ಳಿಯ ಹೆಸರನ್ನು ಕನ್ನಡದಲ್ಲಿಯೇ ಓದಿಬಿಟ್ಟಿದ್ದಳು. ನಾಡಿನ ಭಾಷೆಗಳ ಐಕ್ಯವನ್ನು ಕುರಿತು ವೇದಿಕೆಗಳಲ್ಲಿ ನಾವು ಬಹಳ ಕೇಳಿದ್ದೇವೆ. ಅದು ಕಾರ್ಯರೂಪಕ್ಕೆ ಬಂದದ್ದನ್ನು ನಾನು ಕಂಡದ್ದು ಆ ಹಾಳೆಯ ಮೇಲೆ.

ಆಣಂದಿನಲ್ಲಿ ಹಾಲಿನ ಸಹಕಾರಿ ಸಂಘದ ಕಥೆಯನ್ನು ನಾನು ಪುನಃ ಹೇಳಬೇಕಾಗಿಲ್ಲ. 1946ರಲ್ಲಿ ತ್ರಿಭುವನದಾಸ ಪಟೇಲರ ಮುಂದಾಳುತನದಲ್ಲಿ ಖೇಡಾ ಜಿಲ್ಲೆಯ ಒಕ್ಕಲಿಗರು ದಾನವನ್ನು ಬೇಡದೆ ತಮ್ಮ ಹಾಲಿನ ನ್ಯಾಯವಾದ ಬೆಲೆಯನ್ನು ತಾವೇ ಪಡೆದರೆಂಬುದಷ್ಟನ್ನು ನೆನೆದರೆ ಸಾಕು. ಅಲ್ಲಿಗೆ ಅಂಟಿಕೊಂಡೇ ಇರುವ ವಲ್ಲಭ ವಿದ್ಯಾನಗರದ ಮರಗಳ ಸಾಲನ್ನು ಹಾಯುವಾಗ, ನಮ್ಮ ಎಸ್. ಎಲ್. ಭೈರಪ್ಪನವರು ಇಲ್ಲಿಯ ಸರದಾರ ಪಟೇಲ್ ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸುತ್ತಿದ್ದರೆಂಬುದನ್ನೂ, ಅವರ ಡಾಕ್ಟರೇಟು ವಡೋದರೆಯ ವಿಶ್ವವಿದ್ಯಾನಿಲಯದ್ದೆಂಬುದನ್ನೂ ವೈದ್ಯಮಿತ್ರರು ಜ್ಞಾಪಿಸಿದರು. ವಾಸದದ ಬಳಿ ಮಹೀನದಿಯನ್ನು ದಾಟಿ ಸಂಜೆಯ ಹೊತ್ತಿಗೆ ವಡೋದರೆಯನ್ನು ಮುಟ್ಟಿದೆವು.

ವಡೋದರೆಗೆ ಬಂದವರೆಲ್ಲರೂ 1890ರಲ್ಲಿ ಸಿದ್ಧವಾದ ಲಕ್ಷ್ಮೀವಿಲಾಸ ಅರಮನೆಯನ್ನು ನೋಡುತ್ತಾರೆ. ನಾವೂ ನೋಡಿದೆವು, ಆದರೆ ಅದನ್ನು ಕಟ್ಟಿಸಿದ ಸಯಾಜಿರಾವ್ ಮಹಾರಾಜರ ಸ್ಮಾರಕವು ಬೇರೆಡೆಯಲ್ಲಿದೆಯೆಂದು ನನ್ನ ಅಭಿಪ್ರಾಯ. ಹಳ್ಳಿಯೊಂದರ ಒಕ್ಕಲಿಗರ ಮನೆಯಲ್ಲಿ ಹುಟ್ಟಿ, ಹನ್ನೆರಡರ ಪ್ರಾಯದಲ್ಲಿ ದತ್ತಕಕ್ಕೆ ಬಂದು ಸಿಂಹಾಸನವನ್ನೇರಿದ ಈ ದೊರೆಯು 1906ರಲ್ಲಿಯೇ ತನ್ನ ಸಂಸ್ಥಾನದಾದ್ಯಂತ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿ ಮಾಡಿದನು. 1910ರಲ್ಲಿ ಅಮೆರಿಕದಿಂದ ಬೋರ್ಡೆನ್ ಎಂಬ ಗ್ರಂಥಪಾಲಕನನ್ನು ಕರೆಸಿ ಊರೂರಿಗೆ ಪುಸ್ತಕಾಲಯಗಳನ್ನು ತೆರೆಯಿಸಿದನು. ಪುಸ್ತಕಾಲಯವಿಲ್ಲದ ಹಳ್ಳಿಗಳಿಗೆ ಮರದ ಪೆಟ್ಟಿಗೆಗಳಲ್ಲಿ ಪುಸ್ತಕಗಳನ್ನು ತುಂಬಿಸಿ ಕಳುಹಿಸುವ ಏರ್ಪಾಡು ಮಾಡಿದನು. ಓದುವವನು ಪುಸ್ತಕವನ್ನು ಹುಡುಕಿಕೊಂಡು ಹೋಗುವುದಲ್ಲ, ಪುಸ್ತಕವು ಓದುವವನ ಬಾಗಿಲಿಗೆ ಹೋಗತಕ್ಕದ್ದು ಎಂಬ ಆ ತತ್ತ್ವವೇ ನಮ್ಮ ರ್‍ಯಾಲಿಯ ಗುರಿಗೂ ಆಧಾರವಾಗಿತ್ತು. ಬ್ರೈಲ್ ಪುಸ್ತಕವು ಗಾತ್ರದಲ್ಲಿ ಬಹು ದೊಡ್ಡದು. ಸಾಮಾನ್ಯ ಪಠ್ಯಪುಸ್ತಕವೊಂದು ಬ್ರೈಲಿನಲ್ಲಿ ಹಲವು ಸಂಪುಟಗಳಾಗುತ್ತದೆ. ಕಾಗದವು ದಪ್ಪವಾಗಿರಬೇಕು, ಚುಕ್ಕೆಗಳು ತಗ್ಗಿದರೆ ಪುಸ್ತಕವೇ ಕುರುಡಾದಂತೆ. ಶಾಲೆ ಆರಂಭವಾಗಿ ತಿಂಗಳುಗಳು ಕಳೆದರೂ ಪುಸ್ತಕ ಕೈಗೆ ಬಾರದೆ ಸಹಪಾಠಿಗಳ ಓದನ್ನು ಕಿವಿಯಿಂದಲೇ ಕಲಿತ ವರ್ಷಗಳನ್ನು ನಮ್ಮ ಮಾರ್ಗದರ್ಶಿಯು ಆ ರಾತ್ರಿ ಊಟದ ವೇಳೆಯಲ್ಲಿ ವರ್ಣಿಸಿದಳು. ದೂರುವ ಧ್ವನಿಯಲ್ಲಿ ಅಲ್ಲ. ತನ್ನ ವಿದ್ಯಾರ್ಥಿಗಳಿಗೆ ಹಾಗಾಗಬಾರದೆಂಬ ನಿರ್ಧಾರದ ಧ್ವನಿಯಲ್ಲಿ.

ಊಟವಾದ ಮೇಲೆ ವೈದ್ಯಮಿತ್ರರು, ಆಕೆ ಹೋದ ತರುವಾಯ, ಬಹಳ ಹೊತ್ತಿನಿಂದ ಮನಸ್ಸಿನಲ್ಲಿದ್ದ ಪ್ರಶ್ನೆಯನ್ನು ಎತ್ತಿದರು. ಇಷ್ಟು ಗಾಡಿಗಳು, ಇಷ್ಟು ಇಂಧನ, ಇಷ್ಟು ಜನರ ವಸತಿ ಊಟಗಳು. ಈ ಹಣವನ್ನೆಲ್ಲ ನೆಟ್ಟಗೆ ಪುಸ್ತಕಗಳಿಗೇ ಕೊಟ್ಟಿದ್ದರೆ ಆಗುತ್ತಿರಲಿಲ್ಲವೆ? ಪ್ರಶ್ನೆಯು ನ್ಯಾಯವಾದುದು. ಪ್ರತಿಯೊಂದು ತಂಡವೂ ತನ್ನ ವೆಚ್ಚವನ್ನು ತಾನೇ ಭರಿಸಿ, ಸಂಗ್ರಹಿಸಿದ ಹಣದಲ್ಲಿ ಒಂದು ಪೈಯನ್ನೂ ಮುಟ್ಟತಕ್ಕದ್ದಲ್ಲವೆಂಬ ನಿಯಮವನ್ನು ಧಾರವಾಡದ ಮಿತ್ರರು ಹೇಳಿದರಾದರೂ ಅದರಿಂದ ಪ್ರಶ್ನೆಗೆ ಉತ್ತರ ಬಂದಂತಾಗಲಿಲ್ಲ. ನನಗೆ ಆಗ ನೆನಪಾದದ್ದು ಗದುಗಿನ ವೀರೇಶ್ವರ ಪುಣ್ಯಾಶ್ರಮ. ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಿಂದ ಸಂಗೀತವನ್ನು ಕಲಿತ ಅಂಧ ಗವಾಯಿ ಪಂಚಾಕ್ಷರಿಗಳು ತಮ್ಮ ಶಿಷ್ಯವೃಂದವನ್ನು ಕಟ್ಟಿಕೊಂಡು ಊರಿಂದೂರಿಗೆ ಹೋಗುತ್ತಿದ್ದರು. ಗದಗಿನಲ್ಲಿ ನೆಲೆ ನಿಲ್ಲುವ ಮುನ್ನ ಆ ಪಾಠಶಾಲೆಯು ಬಹುಕಾಲ ದಾರಿಯ ಮೇಲೆಯೇ ಇತ್ತು. ಜನ ಅಕ್ಕಿ ಜೋಳಗಳನ್ನು ಕೊಟ್ಟರು. ಪ್ರತಿಯಾಗಿ ಅಂಧ ಬಾಲಕರ ಕಂಠದಿಂದ ಬಂದ ಸಂಗೀತವನ್ನು ಪಡೆದರು. ಅಲ್ಲಿ ಯಾರು ಯಾರಿಗೆ ದಾನ ಮಾಡಿದರೆಂದು ಹೇಳುವುದು ಕಷ್ಟ. ಆ ಶಿಷ್ಯವೃಂದದಲ್ಲಿಯೇ ಬೆಳೆದ ಪುಟ್ಟರಾಜ ಗವಾಯಿಗಳು 2010ರವರೆಗೆ ಬದುಕಿ ಆ ಪರಂಪರೆಯನ್ನು ಎಂತಹ ಎತ್ತರಕ್ಕೆ ಒಯ್ದರೆಂಬುದನ್ನು ಕನ್ನಡಿಗರಿಗೆ ತಿಳಿಸಬೇಕಾಗಿಲ್ಲ. ಹಣವನ್ನು ಅಂಚೆಯಲ್ಲಿ ಕಳುಹಿಸಬಹುದಿತ್ತು, ನಿಜ. ಆದರೆ ಅಂಚೆಯಲ್ಲಿ ಕಳುಹಿಸಿದ ಹಣವು ಕೊಡುವವನನ್ನು ಅವನಿದ್ದ ಸ್ಥಳದಲ್ಲಿಯೇ ಬಿಡುತ್ತದೆ. ಇಂದು ಬೆಳಗಿನಿಂದ ಸಂಜೆಯವರೆಗೆ ಆ ಹುಡುಗಿಯ ಮಾತಿಲ್ಲದೆ ನಾವು ಒಂದು ತಿರುವನ್ನೂ ದಾಟಲಾಗಲಿಲ್ಲವಲ್ಲ, ಅದನ್ನು ಯಾವ ಅಂಚೆಯೂ ಕೊಡಲಾರದು. ವೈದ್ಯಮಿತ್ರರು ಇದನ್ನು ಪೂರ್ತಿಯಾಗಿ ಒಪ್ಪಲಿಲ್ಲ. ಇಂಧನದ ವೆಚ್ಚದಷ್ಟೇ ಹಣವನ್ನು ತಾವು ಬೇರೆಯಾಗಿ ಪುಸ್ತಕನಿಧಿಗೆ ಕೊಡುವುದಾಗಿ ಹೇಳಿ ಮಲಗಲು ಹೋದರು, ಹಾಗೆಯೇ ಕೊಟ್ಟರು.

ಮರುದಿನದ ಮಾರ್ಗ ಕರ್ಜಣದ ಮೇಲೆ ಭರೂಚಕ್ಕೆ. ಭರೂಚದಲ್ಲಿ ನರ್ಮದೆ ಸಮುದ್ರದ ಸಮೀಪಕ್ಕೆ ಬಂದ ನದಿಯ ಗಾಂಭೀರ್ಯದಿಂದ ಅಗಲವಾಗಿ ಹರಿಯುತ್ತಾಳೆ. 2017ರಲ್ಲಿ ತೆರೆದ, 1,344 ಮೀಟರು ಉದ್ದದ ಹೊಸ ಸೇತುವೆಯ ಮೇಲೆ ನಾವು ಹೋದೆವು. ಪಶ್ಚಿಮಕ್ಕೆ, 1881ರಿಂದ ನಿಂತಿರುವ ಹಳೆಯ ಕಬ್ಬಿಣದ ಸೇತುವೆ ಕಾಣುತ್ತಿತ್ತು. ನಾವಿದ್ದ ಹೊಸ ಸೇತುವೆಯನ್ನು ಎತ್ತಿಹಿಡಿದ ಹಗ್ಗಗಳು ಹೇಗಿವೆಯೆಂದು ಮಾರ್ಗದರ್ಶಿ ಕೇಳಿದಳು. ಧಾರವಾಡದ ಮಿತ್ರರು, ಮಾಪಕದ ಅಂಕಿಗಳ ನಡುವೆ, ಎರಡೂ ಬದಿಗೆ ಇಳಿದು ಬರುವ ಹಳದಿಯ ಕಂಬಿಗಳನ್ನು ತಂಬೂರಿಯ ತಂತಿಗಳಿಗೆ ಹೋಲಿಸಿ ವಿವರಿಸಿದರು. ನರ್ಮದೆಯ ಪರಿಕ್ರಮಕ್ಕೆ ಹೊರಟ ಬರಿಗಾಲಿನ ಯಾತ್ರಿಕರಿಬ್ಬರು ದಡದ ದಾರಿಯಲ್ಲಿ ಹೋಗುತ್ತಿದ್ದರು. ಕೈಯಲ್ಲಿ ಕಾಸಿಲ್ಲದೆ ಹೊರಡುವ ಈ ಯಾತ್ರಿಕರಿಗೆ ನದಿಯ ಉದ್ದಕ್ಕೂ ಹಳ್ಳಿಯವರು ಸದಾವ್ರತವೆಂದು ಹಿಟ್ಟು ಬೇಳೆಗಳನ್ನು ಕೊಡುತ್ತಾರೆ, ಕೊಟ್ಟವನೇ ಕಾಲಿಗೆರಗುತ್ತಾನೆ.

ಅಂಕಲೇಶ್ವರವನ್ನು ದಾಟಿ ಹೆದ್ದಾರಿಯನ್ನು ಬಿಟ್ಟು ಓಲಪಾಡ ತಾಲ್ಲೂಕಿನ ಭತ್ತ ಕಬ್ಬುಗಳ ಬಯಲಿಗೆ ಬಂದಾಗ, ನಾನು ಬಹಳ ದಿನಗಳಿಂದ ನೋಡಬೇಕೆಂದಿದ್ದ ಊರು ಮಾರ್ಗಪತ್ರಿಕೆಯಲ್ಲಿ ಬಂದಿತು. ಭಾಟಗಾಮ. 1930ರ ಮಾರ್ಚ್ 29ರ ರಾತ್ರಿ ಈ ಊರಿನಲ್ಲಿ ಗಾಂಧೀಜಿಯವರು ಮಾಡಿದ ಭಾಷಣವು ದಾಂಡಿಯಾತ್ರೆಯ ಎಲ್ಲ ಭಾಷಣಗಳಲ್ಲಿ ಅತ್ಯಂತ ಕಠೋರವಾದುದು. ಅದರ ಕಾಠಿಣ್ಯವೆಲ್ಲ ತಮ್ಮ ಮೇಲೆ, ತಮ್ಮವರ ಮೇಲೆ. ರಾತ್ರಿಯ ನಡಿಗೆಗೆ ಬೆಳಕಾಗಲೆಂದು ಭಾರವಾದ ಕಿಟ್ಸನ್ ದೀಪವನ್ನು ಬಡ ಕೂಲಿಯವನೊಬ್ಬನ ತಲೆಯ ಮೇಲೆ ಹೊರಿಸಿ, ಬೇಗ ನಡೆಯೆಂದು ಅವನನ್ನು ಅವಸರಪಡಿಸಿದ್ದನ್ನು ಅವರು ಕಂಡಿದ್ದರು. ಯಾತ್ರಿಕರಿಗಾಗಿ ಸೂರತ್ತಿನಿಂದ ಹಾಲನ್ನು ಮೋಟಾರು ಲಾರಿಯಲ್ಲಿ ವೇಗವಾಗಿ ತರಿಸಿದ್ದು ಅವರ ಕಿವಿಗೆ ಬಿದ್ದಿತ್ತು. ಯಾರ ಹೆಸರಿನಲ್ಲಿ ಹೋರಾಡುತ್ತಿರುವೆವೋ ಆ ಬಡವನ ತಲೆಯ ಮೇಲೆಯೇ ದೀಪವನ್ನು ಹೊರಿಸಿ ಅದರ ಬೆಳಕಿನಲ್ಲಿ ನಾವು ನಡೆಯುವುದಾದರೆ, ವೈಸರಾಯನ ದೊಡ್ಡ ಸಂಬಳವನ್ನು ಟೀಕಿಸುವ ಅಧಿಕಾರ ನಮಗೆಲ್ಲಿಯದು ಎಂಬುದು ಆ ಮಾತುಗಳ ಸಾರ. ಕೇಳುತ್ತಿದ್ದವರಲ್ಲಿ ಮೋಟೆಬೆನ್ನೂರಿನ ಹುಡುಗನೂ ಇದ್ದನು. ಮುಂದೆ ಆತನು ತನ್ನ ಸೀಮೆಯ ಹಳ್ಳಿಗಳಿಗೆ ಹಿಂದಿರುಗಿ ಖಾದಿ ಮತ್ತು ಗ್ರಾಮಸೇವೆಗಳಲ್ಲಿ ತೊಡಗಿದ್ದಕ್ಕೆ ಭಾಟಗಾಮದ ಆ ರಾತ್ರಿಯೂ ಕಾರಣವಾಗಿರಬಹುದೆಂದು ಊಹಿಸಲು ನನಗೆ ಇಷ್ಟ.

ಮೋಟಾರುಗಾಡಿಯಲ್ಲಿ ಕುಳಿತು ಆ ಊರನ್ನು ಹಾಯುವುದು ಸುಲಭವಾದ ಅನುಭವವಲ್ಲ. ನಾನು ಆ ಪ್ರಸಂಗವನ್ನು ಮಾರ್ಗದರ್ಶಿಗೆ ಹೇಳಿದೆನು. ಧಾರವಾಡದ ಮಿತ್ರರು ಭಾಷಾಂತರಿಸಿದರು. ಆಕೆಗೆ ಲಾರಿಯ ಹಾಲಿನ ವಿಷಯ ಪಾಠದಲ್ಲಿ ಗೊತ್ತಿತ್ತು, ದೀಪದ ವಿಷಯ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಹಾಳೆಯ ಮೇಲೆ ಬೆರಳಿಟ್ಟುಕೊಂಡಿದ್ದು ಅವಳು ಕೇಳಿದಳು: “ಆ ದೀಪ ಹೊತ್ತವನ ಹೆಸರನ್ನು ಯಾರಾದರೂ ಬರೆದಿಟ್ಟಿದ್ದಾರೆಯೆ?” ಇಷ್ಟು ವರ್ಷಗಳಿಂದ ಆ ಭಾಷಣವನ್ನು ಓದಿಯೂ ನಾನು ಕೇಳದ ಪ್ರಶ್ನೆ ಅದು. ಮುಂದೆ ಒಂದು ಮಾರ್ಷಲರ ಠಾಣೆಯಿತ್ತು, ಗಡಿಯಾರದ ಕೆಲಸವಿತ್ತು, ಮಾತು ಅಲ್ಲಿಗೆ ನಿಂತಿತು.

ತಾಪಿಯ ದಡದ ಸೂರತ್ತು, 1994ರಲ್ಲಿ ಪ್ಲೇಗಿನ ಭೀತಿಯಿಂದ ಲಕ್ಷಾಂತರ ಜನ ಬಿಟ್ಟು ಓಡಿದ ಊರು. ಮರುವರ್ಷ ಬಂದ ಮಹಾನಗರಪಾಲಿಕೆಯ ಆಯುಕ್ತ ಎಸ್. ಆರ್. ರಾವ್ ಅವರು ಅಧಿಕಾರಿಗಳನ್ನು ಕಚೇರಿಯಿಂದ ಬೀದಿಗಿಳಿಸಿ, ಕೆಲವೇ ತಿಂಗಳುಗಳಲ್ಲಿ ಅದನ್ನು ದೇಶದ ಅತ್ಯಂತ ಶುಚಿಯಾದ ನಗರಗಳ ಸಾಲಿಗೆ ತಂದರು. 2006ರಲ್ಲಿ ತಾಪಿಯ ಪ್ರವಾಹವು ನಗರವನ್ನು ಮುಳುಗಿಸಿತು. ಅದರಿಂದಲೂ ಊರು ಮೇಲೆದ್ದಿತು. ನಾವು ತಲುಪಿದಾಗ ನದಿಯ ಬಳಿ ಪೋಂಕಿನ ಅಂಗಡಿಗಳು ತೆರೆದಿದ್ದುವು. ಹಾಲುದುಂಬಿದ ಜೋಳದ ತೆನೆಯನ್ನು ಬೂದಿಗೆಂಡದಲ್ಲಿ ಸುಟ್ಟು, ಬಡಿದು, ಹಸುರು ಕಾಳನ್ನು ಸೇವಿನೊಡನೆ ಕೊಡುವ ಈ ಚಳಿಗಾಲದ ತಿನಿಸನ್ನು ಬಾಯಿಗಿಟ್ಟ ಧಾರವಾಡದ ಮಿತ್ರರಿಗೆ ಸಂತೋಷ ತಡೆಯಲಾಗಲಿಲ್ಲ. “ಇದು ನಮ್ಮ ಸೀತನೀನs ನೋಡ್ರಿ! ಗುಜರಾತಕ್ಕ ಬಂದು ಇಷ್ಟು ವರ್ಷ ಆತು, ಸೂರತ್ತಿಗೆ ಚಳಿಗಾಲದಾಗ ಬಂದೇ ಇದ್ದಿಲ್ಲ” ಎಂದು ಅವರು ಎರಡನೆಯ ಪೊಟ್ಟಣವನ್ನು ಕೊಂಡು ಹುಡುಗಿಯ ಕೈಗಿತ್ತರು.

ಬಹುಮಾನ ನಮಗೆ ಬರಲಿಲ್ಲ; ಗುಜರಾತಿನದೇ ಒಂದು ತಂಡಕ್ಕೆ ಹೋಯಿತು, ಅದು ನ್ಯಾಯವಾಗಿಯೇ ಹೋಯಿತು. ಹಣದ ಲೆಕ್ಕವನ್ನು ಸಭೆಯಲ್ಲಿ ಓದಿ, ಮುಂದಿನ ವರ್ಷದ ಪಠ್ಯಪುಸ್ತಕಗಳನ್ನು ಶಾಲೆ ತೆರೆಯುವುದಕ್ಕೆ ಮುಂಚೆಯೇ ಮುದ್ರಿಸುವುದೆಂದು ಗೊತ್ತುಮಾಡಿದರು. ಆ ಮುದ್ರಣವನ್ನು ನೋಡಿಕೊಳ್ಳುವ ಸಮಿತಿಯಲ್ಲಿ ಅಂಧ ಶಿಕ್ಷಕರೇ ಹೆಚ್ಚಾಗಿರಬೇಕೆಂದು ನಮ್ಮ ಮಾರ್ಗದರ್ಶಿಯು ಎದ್ದುನಿಂತು ಹೇಳಿದಳು, ಒಪ್ಪಿದರು.

ರಾತ್ರಿ ಧಾರವಾಡದ ಮಿತ್ರರು ನಕ್ಷೆಯನ್ನು ಹರಡಿಕೊಂಡು ಕುಳಿತರು. ಅಹಮದಾಬಾದು, ವಡೋದರೆ, ಸೂರತ್ತುಗಳನ್ನು ಪೋಣಿಸುವ 48ನೆಯ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿಯೇ ಮುಂಬಯಿ, ಪುಣೆಗಳನ್ನು ದಾಟಿ ಬೆಳಗಾವಿ, ಹುಬ್ಬಳ್ಳಿ, ಹಾವೇರಿಗಳ ಮೇಲೆ ಬೆಂಗಳೂರಿಗೆ ಹೋಗುತ್ತದೆ. ಮೋಟೆಬೆನ್ನೂರು ಅದರ ಮಗ್ಗುಲಲ್ಲಿಯೇ ಇದೆ. ಗದಗಿನಿಂದ ಹೊಸರಿತ್ತಿಗೆ, ಅಲ್ಲಿಂದ ಹಾವೇರಿಯ ಮೇಲೆ ಮೋಟೆಬೆನ್ನೂರಿಗೆ ಇಂತಹುದೇ ರ್‍ಯಾಲಿಯೊಂದನ್ನು, ಗದಗಿನ ಕಡೆಯ ಅಂಧ ವಿದ್ಯಾರ್ಥಿಗಳ ಮಾರ್ಗದರ್ಶನದಲ್ಲಿ, ಏಪ್ರಿಲ್ 1ರ ಹುತಾತ್ಮರ ದಿನಕ್ಕೆ ಮುಟ್ಟುವಂತೆ ಏಕೆ ಏರ್ಪಡಿಸಬಾರದೆಂದು ಅವರ ಯೋಚನೆ. ವೈದ್ಯಮಿತ್ರರು ಕೂಡಲೆ ಬಿಸಿಲಿನ ಆಕ್ಷೇಪವನ್ನು ತೆಗೆದು, ಹೊರಡುವ ಹೊತ್ತನ್ನು ಬೆಳಗಿನ ಐದಕ್ಕೆ ಇಡಿಸಿದರು. ಗಾಡಿಗಳ ಸಂಖ್ಯೆಗೂ ಒಂದು ಮಿತಿಯನ್ನು ಹಾಕಿಸಿದರು. ಮಾರ್ಗಪತ್ರಿಕೆಯನ್ನು ಕನ್ನಡ ಬ್ರೈಲಿನಲ್ಲಿ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಬೆಳಗ್ಗೆ ರೈಲಿಗೆ ಹೊರಟಿದ್ದ ಹುಡುಗಿಗೆ ವಿಷಯವನ್ನು ತಿಳಿಸಿದಾಗ ಆಕೆ ಹೇಳಿದ್ದು ಇಷ್ಟು: ಹ್ರಸ್ವ ಎಕಾರ ಬರುವ ಇನ್ನಷ್ಟು ಊರುಗಳ ಹೆಸರನ್ನು ಒತ್ತಿಸಿ ತನಗೆ ಮುಂಚಿತವಾಗಿಯೇ ಕಳುಹಿಸಬೇಕು, ಕಾಕಾ ಗಾಡಿ ನಡೆಸುವುದಾದರೆ ತಾನೂ ಬರುವುದು ನಿಶ್ಚಯ.